ಮೇಣದಬತ್ತಿ ಆರಿದ ಮೇಲೆ ನೀರು ಯಾಕೆ ಏರುತ್ತದೆ?

ತಟ್ಟೆಯಲ್ಲಿ ನೀರು, ನಡುವೆ ಉರಿಯುವ ಮೇಣದಬತ್ತಿ, ಮೇಲೆ ಬೋರಲು ಹಾಕಿದ ಗಾಜಿನ ಲೋಟ. ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ಆಮ್ಲಜನಕ ಖರ್ಚಾಯ್ತು, ಆ ಜಾಗಕ್ಕೆ ನೀರು ಬಂತು ಎಂದು ಎಷ್ಟೋ ಪುಸ್ತಕಗಳಲ್ಲಿ ಬರೆದಿರುತ್ತದೆ. ಗಾಳಿಯಲ್ಲಿ ಐದನೇ ಒಂದು ಭಾಗ ಆಮ್ಲಜನಕ ಇದೆ ಅನ್ನೋದಕ್ಕೂ ಇದನ್ನೇ ಸಾಕ್ಷಿ ಮಾಡುತ್ತಾರೆ.

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಇದನ್ನು ಒಪ್ಪಲಿಲ್ಲ. "ಸರ್, ಆಮ್ಲಜನಕ ಖರ್ಚಾಗೋದು ಬತ್ತಿ ಉರಿಯುವಾಗ ಅಲ್ವಾ? ನೀರು ಏರಿದ್ದು ಆರಿದ ಮೇಲೆ!"

ಅವಳ ಅನುಮಾನ ಸರಿ. ಲೋಟ ಮುಚ್ಚಿದ ಕೂಡಲೇ ಅಂಚನ್ನು ಗಮನಿಸಿ. ಕೆಲವು ಗುಳ್ಳೆಗಳು ಹೊರಗೆ ಬರುತ್ತವೆ. ಬಿಸಿಯಾದ ಗಾಳಿ ಹಿಗ್ಗಿ ಒಂದಿಷ್ಟು ಆಚೆ ಹೋಗುತ್ತದೆ. ಬತ್ತಿ ಆರಿದಾಗ ಉಳಿದ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ನೀರಾವಿ ಗಾಜಿನ ಮೇಲೆ ಹನಿಗಟ್ಟುತ್ತದೆ. ಒಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ನೀರನ್ನು ಒಳಕ್ಕೆ ತಳ್ಳುತ್ತದೆ. ಎರಡು ಮೂರು ಬತ್ತಿ ಇಟ್ಟರೆ ನೀರು ಇನ್ನೂ ಜಾಸ್ತಿ ಏರುತ್ತದೆ. ಲೋಟದಲ್ಲಿದ್ದ ಆಮ್ಲಜನಕವೇನೂ ಜಾಸ್ತಿಯಾಗಿಲ್ಲವಲ್ಲ!

ಲೆಕ್ಕವೂ ಅವಳ ಕಡೆಗೇ ಇದೆ. 25 ಇಂಗಾಲ, 52 ಜಲಜನಕ ಇರುವ ಮೇಣದ ಒಂದು ಅಣು ಉರಿಯಲು 38 ಆಮ್ಲಜನಕದ ಅಣು ಬೇಕು. ಹುಟ್ಟುವುದು 25 ಇಂಗಾಲದ ಡೈಆಕ್ಸೈಡ್, 26 ನೀರಾವಿ. 38 ಹೋಗಿ 51 ಬಂತು! ನೀರಾವಿ ಪೂರ್ತಿ ಹನಿಯಾದರೂ 25 ಉಳಿಯುತ್ತದೆ, ಅದು ಅಷ್ಟು ಬೇಗ ನೀರಿನಲ್ಲಿ ಕರಗುವುದಿಲ್ಲ. ಅದೂ ಅಲ್ಲದೆ ಬತ್ತಿ ಆಮ್ಲಜನಕವನ್ನು ಪೂರ್ತಿ ಮುಗಿಸುವುದೇ ಇಲ್ಲ. ಶೇಕಡಾ 21 ಇದ್ದದ್ದು ಸುಮಾರು 16ಕ್ಕೆ ಇಳಿದರೆ ಸಾಕು, ಆರಿಹೋಗುತ್ತದೆ. ಹೋದ ಆ 5 ಭಾಗದ ಜಾಗದಲ್ಲಿ, 38ಕ್ಕೆ 25ರ ಲೆಕ್ಕದಲ್ಲಿ, 3ಕ್ಕಿಂತ ಹೆಚ್ಚು ಭಾಗ ಇಂಗಾಲದ ಡೈಆಕ್ಸೈಡ್ ಬಂದು ಸೇರುತ್ತದೆ. ಹಾಗಾಗಿ ಆಮ್ಲಜನಕದ ಲೆಕ್ಕದಲ್ಲಿ ಕಡಿಮೆಯಾಗುವ ಗಾಳಿ ನೂರಕ್ಕೆ 2 ಭಾಗವೂ ಇಲ್ಲ.

"ಪರೀಕ್ಷೆಯಲ್ಲಿ ಏನು ಬರೀಲಿ ಸರ್?" ಎಂದಳು. ಬತ್ತಿ ಆರುವುದಕ್ಕೆ ಆಮ್ಲಜನಕ ಕಡಿಮೆಯಾದದ್ದು ಕಾರಣ, ನೀರು ಏರುವುದಕ್ಕೆ ಮುಖ್ಯವಾಗಿ ಗಾಳಿ ತಣ್ಣಗಾದದ್ದು ಕಾರಣ, ಎರಡನ್ನೂ ಬೇರೆ ಬೇರೆ ಬರಿ ಎಂದೆ. ಹಾಗೆ ಬರೆದವರಿಗೆ ಪೂರ್ತಿ ಅಂಕ ಕೊಡಿ ಎಂದು ಶಿಕ್ಷಕ ಮಿತ್ರರನ್ನೂ ಕೇಳಿಕೊಳ್ಳುತ್ತೇನೆ.

ಐದನೇ ಒಂದು ಭಾಗವನ್ನು ತೋರಿಸಲೇಬೇಕಾದರೆ ಬೆಂಕಿ ಬೇಡ, ತುಕ್ಕು ಸಾಕು. ಟೆಸ್ಟ್ ಟ್ಯೂಬಿನ ಒಳಗೋಡೆ ಒದ್ದೆ ಮಾಡಿ, ಕಬ್ಬಿಣದ ಪುಡಿ ಅಂಟಿಸಿ, ನೀರಿನಲ್ಲಿ ಬೋರಲು ನಿಲ್ಲಿಸಿ. ತುಕ್ಕು ಘನವಸ್ತು, ಇಲ್ಲಿ ಬೇರೆ ಅನಿಲ ಹುಟ್ಟುವುದಿಲ್ಲ. ಕೆಲವು ದಿನಗಳಲ್ಲಿ ನೀರು ನಿಧಾನವಾಗಿ ಏರಿ ಸುಮಾರು ಐದನೇ ಒಂದು ಭಾಗಕ್ಕೆ ಬಂದು ನಿಲ್ಲುತ್ತದೆ. ಆಮೇಲೆ ಕಬ್ಬಿಣ ಉಳಿದಿದ್ದರೂ ಮೇಲೇರುವುದಿಲ್ಲ.