ಸಬ್‌ಸಾಯ್ಲರ್ ಮೇಲೆ ಕಲ್ಲು ಹೇರಬೇಡಿ, ಟಾಪ್ ಲಿಂಕ್ ತಿರುಗಿಸಿ

ಮುಧೋಳದ ಕಡೆ ಒಂದು ಕಬ್ಬಿನ ಹೊಲ. ಕೂಳೆ ತೆಗೆದ ಎರೆ ನೆಲ ಬಿಸಿಲಿಗೆ ಬಿದ್ದಿತ್ತು. 50 ಎಚ್‌ಪಿ ಟ್ರ್ಯಾಕ್ಟರ್, ಹಿಂದೆ ಒಂಟಿ ಕಾಲಿನ ಸಬ್‌ಸಾಯ್ಲರ್ (ನೆಲದಾಳದ ಗಟ್ಟಿ ಪದರ ಒಡೆಯುವ ಯಂತ್ರ), ಅದರ ಫ್ರೇಮ್ ಮೇಲೊಂದು ಬಂಡೆಗಲ್ಲು, ಕಲ್ಲಿನ ಪಕ್ಕ ಒಬ್ಬ ಹುಡುಗ. "ತೂಕ ಇಲ್ಲಂದ್ರ ಇಳಿಯಂಗಿಲ್ಲರಿ ಸರ್" ಅಂದ ಡ್ರೈವರ್. ಮೊದಲು ಹುಡುಗನನ್ನು ಇಳಿಸಿದೆ, ಆಮೇಲೆ ಕಲ್ಲನ್ನು. ಯಂತ್ರವನ್ನು ಮೇಲ್ಗಡೆಯಿಂದ ಟ್ರ್ಯಾಕ್ಟರಿಗೆ ಹಿಡಿದಿಡುವ ತಿರುಪಿನ ಸರಳು, ಅಂದರೆ ಟಾಪ್ ಲಿಂಕನ್ನು ನಾಲ್ಕೈದು ಸುತ್ತು ಗಿಡ್ಡ ಮಾಡಿದೆವು. ಮುಂದಿನ ಸಾಲಿಗೆ ಕಾಲಿನ ತುದಿಯ ಮೂತಿ ತಾನೇ ನೆಲ ಕಚ್ಚಿಕೊಂಡು ಇಳಿಯಿತು.

ಸಬ್‌ಸಾಯ್ಲರ್ ಇಳಿಯುವುದು ಮೂತಿಯ ಓರೆಯಿಂದ. ಟಾಪ್ ಲಿಂಕ್ ಉದ್ದ ಇದ್ದರೆ ಮೂತಿ ಮೇಲೆದ್ದು ಹಿಮ್ಮಡಿ ನೆಲಕ್ಕೆ ಉಜ್ಜುತ್ತದೆ. ಆಗ ಎಷ್ಟು ಕಲ್ಲು ಹೇರಿದರೂ ಸುಮ್ನೆ ತೇಲಿಕೊಂಡು ಬರುತ್ತದೆ. ಗಿಡ್ಡ ಮಾಡಿದರೆ ಮೂತಿ ಕೆಳಗೆ ಬಾಗಿ ನೆಲವನ್ನು ಕಚ್ಚುತ್ತದೆ. ತೀರಾ ಗಿಡ್ಡ ಮಾಡಿದರೆ ಎಳೆತ ಜಾಸ್ತಿಯಾಗಿ ಮೂತಿ ಬೇಗ ಸವೆಯುತ್ತದೆ. ಬೇಕಾದ ಆಳ ಮುಟ್ಟಿದಾಗ ಫ್ರೇಮ್ ನೆಲಕ್ಕೆ ಸಮವಾಗಿ ಕಂಡರೆ ಸರಿ ಇದೆ ಎಂದು ತಿಳಿಯಿರಿ. ಹಿಂದೆ ನಿಂತು ನೋಡಿದಾಗ ಕಾಲು ನೆಟ್ಟಗಿರಬೇಕು. ಒಂದು ಕಡೆ ವಾಲಿದ್ದರೆ ಬಲಗಡೆಯ ಲಿಫ್ಟ್ ರಾಡ್ (ಎತ್ತುವ ಸರಳು) ತಿರುಗಿಸಿ ಎರಡೂ ಲೋವರ್ ಲಿಂಕನ್ನು (ಯಂತ್ರ ಹೊರುವ ಕೆಳಗಿನ ತೋಳು) ಒಂದೇ ಎತ್ತರಕ್ಕೆ ತನ್ನಿ. ಯಂತ್ರ ಅಕ್ಕಪಕ್ಕ ತೂಗದಂತೆ ತಡೆಯುವ ಚೆಕ್ ಚೈನ್ ಕೆಲಸದಲ್ಲಿ ಸ್ವಲ್ಪ ಸಡಿಲ, ರಸ್ತೆ ಮೇಲೆ ಬಿಗಿ.

ಆದರೆ ಎಷ್ಟು ಆಳ? ಹೆಚ್ಚಿನವರು "ಎಷ್ಟು ಹೋಗುತ್ತೋ ಅಷ್ಟು" ಅನ್ನುತ್ತಾರೆ. ಡೀಸೆಲ್ ಸುಡುವುದು ಇಲ್ಲೇ. ಹೊಲದಲ್ಲಿ ಎರಡು ಅಡಿ ಆಳದ ಗುಂಡಿ ತೆಗೆಯಿರಿ. ಚಾಕು ಹಿಡಿದು ಗುಂಡಿಯ ಗೋಡೆಗೆ ಮೇಲಿನಿಂದ ಕೆಳಕ್ಕೆ ಚುಚ್ಚುತ್ತಾ ಬನ್ನಿ. ಮೊದಲು ಸಲೀಸಾಗಿ ಹೋಗುತ್ತದೆ, ಒಂದು ಕಡೆ ತಡೆಯುತ್ತದೆ, ಮತ್ತೆ ಕೆಳಗೆ ಸಡಿಲ ಸಿಗುತ್ತದೆ. ತಡೆದದ್ದೇ ಗಟ್ಟಿ ಪದರ. ವರ್ಷಗಟ್ಟಲೆ ಒಂದೇ ಆಳಕ್ಕೆ ನೇಗಿಲು, ರೋಟಾವೇಟರ್ ಹೊಡೆದು, ಮೇಲೆ ಕಬ್ಬಿನ ಟ್ರೇಲರ್ ಓಡಿಸಿ ನಾವೇ ಕಟ್ಟಿದ ಗೋಡೆ ಅದು. ಹಿಂದಿನ ಬೆಳೆ ಹತ್ತಿಯೋ ತೊಗರಿಯೋ ಆಗಿದ್ದರೆ ಬೇರು ಕಿತ್ತು ನೋಡಿ. ನೆಟ್ಟಗೆ ಇಳಿದ ತಾಯಿಬೇರು ಒಂದು ಆಳದಲ್ಲಿ ಮೊಣಕೈ ಮಡಿಸಿದಂತೆ ಅಡ್ಡಕ್ಕೆ ತಿರುಗಿದ್ದರೆ ಬೇರೆ ಸಾಕ್ಷಿ ಬೇಡ.

ಮೂತಿ ಆ ಪದರದ ತಳದಿಂದ 3ರಿಂದ 5 ಸೆಂ.ಮೀ. ಕೆಳಗೆ ಓಡಿದರೆ ಸಾಕು. ಪದರ 32 ಸೆಂ.ಮೀ.ಗೆ ಮುಗಿದರೆ ಮೂತಿ 36ರ ಆಸುಪಾಸಿನಲ್ಲಿರಲಿ. ಇನ್ನೊಂದು ಲೆಕ್ಕ: ಮೂತಿಯ ಅಗಲದ ಸುಮಾರು ಆರು ಪಟ್ಟಿಗಿಂತ ಕೆಳಗೆ ಹೋದರೆ ಮಣ್ಣು ಮೇಲೆದ್ದು ಒಡೆಯುವುದಿಲ್ಲ, ಅಕ್ಕಪಕ್ಕಕ್ಕೆ ಒತ್ತಿಕೊಳ್ಳುತ್ತದೆ. ಅಂದರೆ ದುಡ್ಡು ಕೊಟ್ಟು ಕೆಳಗೆ ಇನ್ನೊಂದು ಗಟ್ಟಿ ಪದರ ಕಟ್ಟಿದ ಹಾಗೆ. ಸಾಲಿನಿಂದ ಸಾಲಿಗೆ ಆಳದ ಒಂದರಿಂದ ಒಂದೂವರೆ ಪಟ್ಟು ಅಂತರ ಇರಲಿ.

ಹದ ನೋಡುವಾಗ ಮೇಲಿನ ಮಣ್ಣನ್ನು ನಂಬಬೇಡಿ. ಪದರದ ಆಳದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹೊಸೆಯಿರಿ. ಶಾವಿಗೆಯ ಹಾಗೆ ಎಳೆ ಬಂದರೆ ವಾಪಸ್ ಮನೆಗೆ ಹೋಗಿ. ಹಸಿ ಎರೆಯಲ್ಲಿ ಸಬ್‌ಸಾಯ್ಲರ್ ಬೆಣ್ಣೆಗೆ ಚಾಕು ಹಾಕಿದಂತೆ ಸೀಳಿಕೊಂಡು ಹೋಗುತ್ತದೆ, ಬಿರುಕು ಬಿಡುವುದಿಲ್ಲ. ಹೊಸೆಯುವಾಗ ಪುಡಿಯಾದರೆ ಕೆಲಸ ಶುರು ಮಾಡಿ.

ಈಗ ಅಪಾಯದ ಮಾತು. ಮೂತಿ ಕಲ್ಲಿಗೆ ಸಿಕ್ಕಿಕೊಂಡಾಗ ಹಿಂದಿನ ಗಾಲಿ ನಿಲ್ಲುತ್ತದೆ, ಎಂಜಿನ್ ನಿಲ್ಲುವುದಿಲ್ಲ. ಆಗ ಮುಂದಿನ ಗಾಲಿ ಏಳುತ್ತದೆ. ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಲು ಒಂದೆರಡು ಸೆಕೆಂಡ್ ಸಾಕು, ಯೋಚನೆ ಮಾಡಲು ಸಮಯವೇ ಸಿಗುವುದಿಲ್ಲ. ಮುಂಭಾಗ ಹಗುರ ಅನ್ನಿಸಿದ ಕೂಡಲೇ ಕ್ಲಚ್ ಒತ್ತಿ. ಮುಂದೆ ತೂಕದ ಪ್ಲೇಟ್ ಹಾಕಿಯೇ ಹೊಲಕ್ಕಿಳಿಯಿರಿ. ಸಿಕ್ಕಿಕೊಂಡಿದ್ದನ್ನು ಜಗ್ಗಿ ಜಗ್ಗಿ ಬಿಡಿಸಬೇಡಿ, ನಿಲ್ಲಿಸಿ, ಹೈಡ್ರಾಲಿಕ್‌ನಲ್ಲಿ ಎತ್ತಿ. ಏಳದಿದ್ದರೆ ಎಂಜಿನ್ ಬಂದ್ ಮಾಡಿ ಗುದ್ದಲಿ ಹಿಡಿಯಿರಿ. ಮಡ್‌ಗಾರ್ಡ್ ಮೇಲೆ ಯಾರೂ ಬೇಡ, ಅಣ್ಣನ ಮಗನಾದರೂ ಸರಿ.

ಶಿಯರ್ ಬೋಲ್ಟ್ ಇರುವುದೇ ಮುರಿಯಲಿಕ್ಕೆ, ಮೂತಿ ಸಿಕ್ಕಿಕೊಂಡಾಗ ತಾನು ಮುರಿದು ಯಂತ್ರ ಉಳಿಸುತ್ತದೆ. ಎರಡು ಸಲ ಮುರಿಯಿತು ಅಂತ ಕಬ್ಬಿಣದ ಸರಳು ಕೊಯ್ದು ಹಾಕಿದ್ದನ್ನು ನಾನು ನೋಡಿದ್ದೇನೆ. ಮೂರನೆಯ ಸಲ ಮುರಿದದ್ದು ಲೋವರ್ ಲಿಂಕ್. ಮ್ಯಾನ್ಯುಯಲ್‌ನಲ್ಲಿ ಹೇಳಿದ ಗ್ರೇಡಿನ ಬೋಲ್ಟ್ ನಾಲ್ಕು ಟೂಲ್ ಬಾಕ್ಸ್‌ನಲ್ಲಿರಲಿ, ಖರ್ಚು ಏನೂ ಅಲ್ಲ.

ಮೂತಿಯನ್ನು ಟ್ರ್ಯಾಕ್ಟರ್ ಮುಂದಕ್ಕೆ ಚಲಿಸುತ್ತಿರುವಾಗಲೇ ಇಳಿಸಿ. ವೇಗ ಗಂಟೆಗೆ 3ರಿಂದ 5 ಕಿ.ಮೀ. ತಿರುವಿಗೆ ಮೊದಲು ಪೂರ್ತಿ ಎತ್ತಿ. ನೆಲದೊಳಗಿದ್ದಾಗ ತಿರುಗಿಸಿದರೆ ಕಾಲು ತಿರುಚಿಕೊಳ್ಳುತ್ತದೆ, ರಿವರ್ಸ್ ಹಾಕಿದರೆ ಇನ್ನೂ ಕೆಟ್ಟದು. ಮೂತಿ ಬದಲಾಯಿಸುವಾಗ ಎತ್ತಿ ನಿಲ್ಲಿಸಿದ ಯಂತ್ರದ ಕೆಳಗೆ ಬರೀ ಹೈಡ್ರಾಲಿಕ್ ನಂಬಿ ಕೈ ಹಾಕಬೇಡಿ, ಗಟ್ಟಿ ಮರದ ದಿಮ್ಮಿ ಕೊಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ.

ನೆಲದಡಿ ಏನಿದೆ ಎಂದು ಹೊಲದ ಮಾಲೀಕರನ್ನೇ ಕೇಳಿ. ಹನಿ ನೀರಾವರಿಯ ಮೇನ್ ಪೈಪ್, ಬೋರ್‌ವೆಲ್ ಕೇಬಲ್ ಎಲ್ಲಿ ಹೋಗಿದೆ ಎಂದು ಅವರಿಗಷ್ಟೇ ಗೊತ್ತು. ಗ್ಯಾಸ್ ಪೈಪ್‌ಲೈನಿನ ಗುರುತಿನ ಕಂಬ ಕಂಡರೆ ಅದರ ಮೇಲೆ ಬರೆದ ನಂಬರಿಗೆ ಫೋನ್ ಮಾಡದೆ ಮುಂದೆ ಹೋಗಬೇಡಿ. ದಾಭೋಳ–ಬೆಂಗಳೂರು ಗ್ಯಾಸ್ ಲೈನ್ ಬೆಳಗಾವಿ, ಧಾರವಾಡದ ಹೊಲಗಳ ಅಡಿಯಲ್ಲೇ ಹಾದು ಬರುತ್ತದೆ.

ಇನ್ನು ಬಾಡಿಗೆಗೆ ಕರೆಸುವವರಿಗೆ ಒಂದು ಮಾತು. ಎಕರೆ ಲೆಕ್ಕಕ್ಕೆ ಒಪ್ಪಂದ ಮಾಡಿದರೆ ಡ್ರೈವರ್ ಸಾಲು ಅಗಲ ಹಿಡಿದು, ಮೂತಿ ಮೇಲೆ ಹಿಡಿದು ಬೇಗ ಮುಗಿಸಲು ನೋಡುತ್ತಾನೆ. ಗಂಟೆ ಲೆಕ್ಕವಾದರೆ ಟೀ ಜಾಸ್ತಿ ಕುಡಿಯುತ್ತಾನೆ. ಎರಡರಲ್ಲಿ ನಾನಾದರೆ ಟೀ ಕುಡಿಸುತ್ತೇನೆ. ಮೊದಲ 20 ಮೀಟರ್ ಆದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ, ಸಾಲಿಗೆ ಅಡ್ಡ ಒಂದು ಗುಂಡಿ ತೋಡಿಸಿ, ಬಿರುಕು ಎಲ್ಲಿಯವರೆಗೆ ಹೋಗಿದೆ ನೋಡಿ. ಆಮೇಲೆ ಉಳಿದ ಹೊಲಕ್ಕೆ ಬಿಡಿ.