ದ್ರಾಕ್ಷಿತೋಟದ ಕೂಲಿ ಮತ್ತು ಒಂದು ‘ಗೊತ್ತಿಲ್ಲ’

ಚಿಕ್ಕಬಳ್ಳಾಪುರದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ನಾನು ಆರು ಮಕ್ಕಳ ಜೊತೆ ಕೂರುತ್ತೇನೆ. 14ರಿಂದ 17ರ ವಯಸ್ಸಿನವರು, ಕಥೋಲಿಕ ಮನೆಗಳ ಮಕ್ಕಳು. ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಓದುತ್ತಾರೆ, ಪರೀಕ್ಷೆಯನ್ನು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಾದ ಎನ್‌ಐಒಎಸ್‌ನಲ್ಲಿ ಬರೆಯುತ್ತಾರೆ. ಧರ್ಮೋಪದೇಶದ ಪ್ರಶ್ನೋತ್ತರ ಇವರಿಗೆ ಬಾಯಿಪಾಠ. ಮಧ್ಯರಾತ್ರಿ ಎಬ್ಬಿಸಿ ಕೇಳಿದರೂ ಹೇಳುತ್ತಾರೆ. ಅದು ಒಳ್ಳೆಯದೇ. ಆದರೆ ‘ಹಾಗಂದ್ರೆ ಏನು?’ ಅಂತ ಒಂದು ಹೆಜ್ಜೆ ಮುಂದೆ ಕೇಳಿದರೆ ಸುಮ್ಮನಾಗುತ್ತಾರೆ. ನನ್ನ ಕೆಲಸ ಶುರುವಾಗುವುದು ಅಲ್ಲಿಂದ. ಉತ್ತರ ಹೇಳಿಕೊಡದೆ, ಪ್ರಶ್ನೆ ಕೇಳುತ್ತಾ ಅವರೇ ಯೋಚಿಸುವ ಹಾಗೆ ಮಾಡುವ ಸಾಕ್ರಟೀಸನ ವಿಧಾನ ನನ್ನದು.

ಕಳೆದ ಸುಗ್ಗಿಯಲ್ಲಿ ನಾವು ಬೈಬಲಿನ ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯ ಓದಿದೆವು. ಯೇಸು ಅಲ್ಲಿ ಒಂದು ಸಾಮತಿ, ಅಂದರೆ ದೃಷ್ಟಾಂತದ ಕಥೆ, ಹೇಳುತ್ತಾರೆ. ದ್ರಾಕ್ಷಿತೋಟದ ಮಾಲೀಕ ಬೆಳಗಾಗುತ್ತಲೇ ಆಳುಗಳನ್ನು ಕರೆಯುತ್ತಾನೆ. ಆಮೇಲೆ ಒಂಬತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ, ಕೊನೆಗೆ ಸಂಜೆ ಐದಕ್ಕೂ ಹೋಗಿ ಕರೆತರುತ್ತಾನೆ. ಕೂಲಿ ಕೊಡುವಾಗ ಎಲ್ಲರಿಗೂ ಒಂದೇ, ತಲೆಗೊಂದು ದೆನಾರಿ, ಅಂದರೆ ಆಗಿನ ಒಂದು ದಿನದ ಕೂಲಿ.

ಆರು ಜನರಲ್ಲಿ ಒಬ್ಬ ಹುಡುಗನ ಮನೆಯಲ್ಲಿ ಎರಡು ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ ಚಪ್ಪರ ಇದೆ. ‘ಮಾಲೀಕ ಮಾಡಿದ್ದು ನ್ಯಾಯಾನಾ?’ ಅಂತ ಕೇಳಿದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ.

‘ಇಲ್ಲ. ನಮ್ಮ ತೋಟದಲ್ಲಿ ಹೀಗೆ ಕೊಟ್ರೆ ನಾಳೆ ಆರಕ್ಕೆ ಯಾರೂ ಬರಲ್ಲ. ಎಲ್ಲರೂ ಐದಕ್ಕೇ ಬರ್ತಾರೆ.’

ನನಗೆ ತುಂಬಾ ಖುಷಿಯಾಯಿತು. ಎಷ್ಟೋ ಪ್ರಬೋಧನೆ ಕೇಳಿದ್ದೇನೆ, ಈ ಮಾತನ್ನು ಇಷ್ಟು ನೇರವಾಗಿ ಯಾರೂ ಆಡಿರಲಿಲ್ಲ. ‘ಇದು ದೇವರ ಕೃಪೆಯ ಬಗ್ಗೆ ಇರುವ ಸಾಮತಿ’ ಅಂತ ಹೇಳಿಬಿಡುವ ಆಸೆ ನಾಲಿಗೆ ತುದಿಗೆ ಬಂತು. ತಡೆದುಕೊಂಡೆ. ಹೇಳಿದ್ದರೆ ಎಲ್ಲರೂ ಅದನ್ನೇ ನೋಟ್‌ಬುಕ್ಕಿಗೆ ಇಳಿಸಿ ಮನೆಗೆ ಹೋಗುತ್ತಿದ್ದರು.

‘ಸರಿ, ಬೆಳಿಗ್ಗೆ ಬಂದವರಿಗೆ ಮಾತು ಕೊಟ್ಟಿದ್ದೆಷ್ಟು?’

‘ಒಂದು ದೆನಾರಿ.’

‘ಕೊಟ್ಟಿದ್ದು?’

‘ಅಷ್ಟೇ. ಆದರೂ ಅನ್ಯಾಯ ಅನ್ನಿಸುತ್ತೆ.’

‘ಏನು ಕಳಕೊಂಡರು ಅವರು?’

ಯಾರೂ ಮಾತಾಡಲಿಲ್ಲ. ಆಗ ಅಷ್ಟು ಹೊತ್ತು ಪುಸ್ತಕವನ್ನೇ ನೋಡುತ್ತಿದ್ದ ಹುಡುಗಿ ಕೇಳಿದಳು: ‘ಸಂಜೆ ಐದರ ತನಕ ಅವರು ಅಲ್ಲೇ ಯಾಕೆ ನಿಂತಿದ್ರು?’ ಉತ್ತರ ಪಠ್ಯದಲ್ಲೇ ಇದೆ. ‘ನಮ್ಮನ್ನು ಯಾರೂ ಕೂಲಿಗೆ ಕರೆಯಲಿಲ್ಲ’ ಅನ್ನುತ್ತಾರೆ ಅವರು. ಅವಳು ಬೆಳಿಗ್ಗೆ ಸರ್ಕಲ್‌ನಲ್ಲಿ ಆಳುಗಳು ನಿಲ್ಲುವುದನ್ನು ನೋಡಿದ್ದಾಳೆ. ಗೂಡ್ಸ್ ಆಟೋ ಬಂದಾಗ ಗಟ್ಟಿ ಆಳುಗಳು ಮೊದಲು ಹತ್ತುತ್ತಾರೆ. ವಯಸ್ಸಾದವರು ಬುತ್ತಿ ಹಿಡಿದುಕೊಂಡು ಅಲ್ಲೇ ಉಳಿಯುತ್ತಾರೆ. ‘ಅರ್ಧ ಕೂಲಿ ಕೊಟ್ರೆ ಅವರ ಮನೇಲಿ ಅರ್ಧ ಹಸಿವು ಇರುತ್ತಾ?’ ಅಂದಳು. ತೋಟದ ಹುಡುಗ ಮೊದಲ ಸಲ ತಲೆ ತಗ್ಗಿಸಿ ಯೋಚಿಸಿದ.

ಇದೆಲ್ಲ ಆಗಿ ನಲವತ್ತು ನಿಮಿಷದ ಮೇಲೆ ಪವಿತ್ರಸಭೆ ಈ ಕಥೆಗೆ ಕೊಡುವ ಅರ್ಥವನ್ನು ಮುಂದಿಟ್ಟೆ. ಪೋಪ್ ಆಗಿದ್ದ ಸಂತ ಗ್ರೆಗರಿ ಆ ಐದು ಹೊತ್ತನ್ನು ಮನುಷ್ಯನ ವಯಸ್ಸಿಗೆ ಹೋಲಿಸುತ್ತಾರೆ. ಬಾಲ್ಯದಲ್ಲೇ ದೇವರ ಕಡೆ ಬಂದವರಿದ್ದಾರೆ, ಮುಪ್ಪಿನಲ್ಲಿ ಬಂದವರೂ ಇದ್ದಾರೆ. ಈಗ ಮಕ್ಕಳಿಗೆ ಅದು ಬೇಕಿತ್ತು. ಹಸಿದವನಿಗೆ ಊಟ ಬಡಿಸಿದ ಹಾಗಾಯಿತು.

ಪ್ರಾಚೀನ ಗ್ರೀಸಿನ ತತ್ತ್ವಜ್ಞಾನಿ ಸಾಕ್ರಟೀಸನ ವಿಧಾನ ಅಂದರೆ ಇಷ್ಟೇ. ಅವನ ತಾಯಿ ಸೂಲಗಿತ್ತಿ. ತಾನು ಮಾಡುವುದೂ ಅದೇ ಕೆಲಸ, ಯೋಚನೆಗಳ ಹೆರಿಗೆ ಅನ್ನುತ್ತಿದ್ದನಂತೆ. ಸೂಲಗಿತ್ತಿ ಮಗುವನ್ನು ಹೊರಗಿನಿಂದ ತಂದು ಇಡುವುದಿಲ್ಲ ಅಲ್ವಾ?

ಅಪ್ಪ ಅಮ್ಮಂದಿರು ಇದನ್ನು ಮನೆಯಲ್ಲಿ ಅಭ್ಯಾಸ ಮಾಡಲು ಗಣಿತದಿಂದ ಶುರು ಮಾಡಿ ಅನ್ನುತ್ತೇನೆ. ಅವನ ಶಿಷ್ಯ ಪ್ಲೇಟೊ ಬರೆದ ಒಂದು ಸಂಭಾಷಣೆಯಲ್ಲಿ ಸಾಕ್ರಟೀಸ್ ರೇಖಾಗಣಿತ ಕಲಿಯದ ಒಬ್ಬ ಆಳು ಹುಡುಗನನ್ನು ಕರೆದು ನೆಲದ ಮೇಲೆ ಎರಡಡಿ ಚೌಕ ಬರೆಯುತ್ತಾನೆ. ಅದರ ಎರಡರಷ್ಟು ದೊಡ್ಡ ಚೌಕ ಬೇಕು, ಬದಿ ಎಷ್ಟಿರಬೇಕು? ‘ನಾಲ್ಕಡಿ’ ಅನ್ನುತ್ತಾನೆ ಹುಡುಗ. ಎಣಿಸಿದರೆ 8ರ ಬದಲು 16 ಚದರಡಿ. ‘ಮೂರಡಿ.’ ಆಗ 9. ಕೊನೆಗೆ ‘ನನಗೆ ಗೊತ್ತಿಲ್ಲ’ ಅನ್ನುತ್ತಾನೆ. ಆಮೇಲೇ ಅವನಿಗೆ ಮೂಲೆಯಿಂದ ಮೂಲೆಗೆ ಎಳೆದ ಗೆರೆ ಕಾಣುವುದು. ಆ ಗೆರೆಯೇ ಹೊಸ ಚೌಕದ ಬದಿ. ಅಂಗಳದಲ್ಲಿ ರಂಗೋಲಿ ಪುಡಿಯಿಂದ ಬರೆದು ನೋಡಿ. ಸುಲಭವಾಗಿ ಬಾಯಿಗೆ ಬಂದ ತಪ್ಪು ಉತ್ತರಕ್ಕೂ ಸರಿ ಉತ್ತರಕ್ಕೂ ನಡುವೆ ಆ ‘ಗೊತ್ತಿಲ್ಲ’ ಇರಲೇಬೇಕು. ನಾವು ಅದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಎಷ್ಟೋ ತಾಯಂದಿರು ಪ್ರಶ್ನೆ ಕೇಳಿ, ಮೂರೇ ಸೆಕೆಂಡಿಗೆ ತಾವೇ ಉತ್ತರ ಹೇಳಿಬಿಡುತ್ತಾರೆ. ಅವರಿಗೆ ನಾನು ಹೇಳುವುದು: ಕೇಳಿದ ಮೇಲೆ ಮನಸ್ಸಿನಲ್ಲೇ ಒಂದು ‘ನಮೋ ಮರಿಯಾ’ ಪ್ರಾರ್ಥನೆ ಪೂರ್ತಿ ಹೇಳಿಕೊಳ್ಳಿ. ಅಲ್ಲಿಯವರೆಗೆ ಬಾಯಿ ಬಿಡಬೇಡಿ.

‘ಹೀಗೆ ಪ್ರಶ್ನೆ ಕೇಳ್ತಾ ಹೋದ್ರೆ ಮಕ್ಕಳ ವಿಶ್ವಾಸ ಉಳಿಯುತ್ತಾ?’ ಇದು ಎಲ್ಲ ತಂದೆತಾಯಿಯರ ಭಯ. ನಾನೂ ತಾಯಿ, ಈ ಭಯ ನನಗೆ ಅರ್ಥವಾಗುತ್ತದೆ. ಆದರೆ ದೇವದೂತ ಬಂದಾಗ ಕನ್ಯಾಮರಿಯಮ್ಮ ಕೇಳಿದ್ದು ‘ಇದು ಹೇಗಾದೀತು?’ ಅಂತ. ಹನ್ನೆರಡು ವರ್ಷದ ಯೇಸು ಮೂರು ದಿನದ ನಂತರ ಸಿಕ್ಕಿದ್ದು ದೇವಾಲಯದಲ್ಲಿ, ಬೋಧಕರ ನಡುವೆ ಕೂತು ಕೇಳಿಸಿಕೊಳ್ಳುತ್ತಾ, ಪ್ರಶ್ನೆ ಕೇಳುತ್ತಾ. ಸಂತ ಆಗಸ್ಟೀನರು ಹದಿನಾರರ ಮಗ ಅದಿಯೋದಾತುಸನ ಜೊತೆ ನಡೆಸಿದ ಸಂಭಾಷಣೆ ಒಂದು ಗ್ರಂಥವಾಗಿಯೇ ಉಳಿದಿದೆ. ಮಗನ ಬಾಯಲ್ಲಿ ಬಂದ ವಿಚಾರಗಳೆಲ್ಲ ಅವನವೇ ಅಂತ ಅಪ್ಪ ಬರೆದಿಟ್ಟಿದ್ದಾರೆ. ಇನ್ನು 1274ರಲ್ಲಿ ತೀರಿಕೊಂಡ ಧರ್ಮಪಂಡಿತ ಸಂತ ತೋಮಸ್ ಅಕ್ವಿನಾಸರು ‘ದೇವರಿದ್ದಾನೆಯೇ?’ ಅಂತ ಕೇಳಿಕೊಂಡು, ಮೊದಲು ಬರೆಯುವುದೇ ‘ಇಲ್ಲ’ ಅನ್ನುವವರ ವಾದವನ್ನು. ಲೋಕದಲ್ಲಿ ಕೇಡು ಇದೆಯಲ್ಲ ಅನ್ನುವುದು ಅದರಲ್ಲಿ ಒಂದು. ಅದನ್ನು ಸಣ್ಣದು ಮಾಡಿ ಬರೆದಿಲ್ಲ. ನಮ್ಮ ಮಕ್ಕಳಿಗೂ ಅದೇ ನಿಯಮ. ಎದುರಿನವನು ‘ಹೌದು, ನಾನು ಹೇಳಿದ್ದು ಇದೇ’ ಅಂತ ತಲೆದೂಗುವ ಹಾಗೆ ಅವನ ವಾದ ಹೇಳಿದ ಮೇಲೇ ಉತ್ತರ ಕೊಡಬೇಕು. ನಾಳೆ ಬೆಂಗಳೂರಿನ ಕಾಲೇಜಿನಲ್ಲಿ, ಹಾಸ್ಟೆಲ್ಲಿನಲ್ಲಿ ಈ ವಾದಗಳು ಎದುರಾಗುವುದು ಖಂಡಿತ. ಮೊದಲ ಸಲ ಕೇಳುವುದು ನಮ್ಮ ಮನೆಯ ಜಗಲಿಯಲ್ಲೇ ಆಗಲಿ.

ಎಲ್ಲವನ್ನೂ ಪ್ರಶ್ನೆಯಿಂದಲೇ ಹೊರತೆಗೆಯಲು ಆಗುವುದಿಲ್ಲ. ತ್ರಿತ್ವವನ್ನು, ಅಂದರೆ ಒಬ್ಬನೇ ದೇವರಲ್ಲಿ ಪಿತ, ಸುತ, ಪವಿತ್ರಾತ್ಮ ಎಂಬ ಮೂವರು ಅನ್ನುವುದನ್ನು, ಬರೀ ತರ್ಕದಿಂದ ಕಂಡುಕೊಳ್ಳಲು ಆಗದು ಅಂತ ಅಕ್ವಿನಾಸರೇ ಹೇಳಿದ್ದಾರೆ. ಅಂಥದ್ದನ್ನು ನೇರವಾಗಿ ಹೇಳಿಕೊಡಿ. ‘ಊಹಿಸು ನೋಡೋಣ’ ಅಂತ ಸತಾಯಿಸಬೇಡಿ. ಹೇಳಿದ ಮೇಲೆ, ಅದರ ಅರ್ಥದ ಬಗ್ಗೆ ಎಷ್ಟು ಬೇಕಾದರೂ ಕೇಳಿ. ನಿಮ್ಮ ಜೇಬಿನಲ್ಲಿರುವ ಉತ್ತರಕ್ಕೇ ಮಗುವನ್ನು ಎಳೆದು ತರುವ ಪ್ರಶ್ನೆಯೂ ಬೇಡ. ಹದಿನೈದರ ಮಕ್ಕಳಿಗೆ ಅದು ತಕ್ಷಣ ಗೊತ್ತಾಗುತ್ತದೆ. ಆಮೇಲೆ ಅವರು ನಿಮ್ಮ ಮುಖ ನೋಡಿ ಉತ್ತರ ಹೇಳುತ್ತಾರೆ.

ಕೊನೆಯ ಇಪ್ಪತ್ತು ನಿಮಿಷ ಬರವಣಿಗೆ. ಪರೀಕ್ಷೆಗೂ ಬೇಕು, ಯೋಚನೆಗೂ ಬೇಕು. ಅವತ್ತು ತೋಟದ ಹುಡುಗ ಬರೆದಿದ್ದು ನಾಲ್ಕೇ ಸಾಲು. ‘ಮಾಲೀಕ ಮಾಡಿದ್ದು ಸರಿ ಅಂತ ಈಗ ಅನ್ನಿಸುತ್ತಿದೆ. ಆದರೆ ನಾನು ಬೆಳಿಗ್ಗೆ ಆರಕ್ಕೆ ಬಂದವನಾಗಿದ್ದರೆ ಸಿಟ್ಟು ಬರುತ್ತಿತ್ತು. ನನಗೆ ಏನೂ ನಷ್ಟ ಆಗದಿದ್ದರೂ ಸಿಟ್ಟು ಯಾಕೆ? ಗೊತ್ತಿಲ್ಲ.’

ಮುಂದಿನ ಶನಿವಾರದ ಪಾಠಕ್ಕೆ ನಾನು ಬೇರೆ ಭಾಗ ಸಿದ್ಧಮಾಡಿದ್ದೆ. ಅದನ್ನು ಬದಿಗಿಟ್ಟು, ಅವನ ಆ ಕೊನೆಯ ಪ್ರಶ್ನೆಯನ್ನು ಬೋರ್ಡಿನ ಮೇಲೆ ಬರೆದೆ.