ಫಲಿತಾಂಶಕ್ಕೆ ಮುಂಚೆ ಬೇಕಾದ ಹಣ

1866ರಲ್ಲಿ ಮುಂಬೈನ ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ 2 ಲಕ್ಷ ರೂಪಾಯಿ ದಾನ ಕೊಟ್ಟರು. ಅವರ ಹೆಸರಿನ ವಿದ್ಯಾರ್ಥಿವೇತನ ಪಡೆದವರಲ್ಲಿ ಗಣಿತಜ್ಞ ಆಶುತೋಷ್ ಮುಖರ್ಜಿಯೂ ಒಬ್ಬರು. ಮುಂದೆ ಅದೇ ವಿಶ್ವವಿದ್ಯಾಲಯದ ವೈಸ್ ಚಾನ್ಸಲರ್ ಆದ ಮುಖರ್ಜಿ, ತಾರಕನಾಥ ಪಾಲಿತ್ ಮತ್ತು ರಾಸಬಿಹಾರಿ ಘೋಷರ ಭಾರಿ ದೇಣಿಗೆಗಳಿಂದ ವಿಜ್ಞಾನ ಕಾಲೇಜನ್ನೇ ಕಟ್ಟಿಸಿದರು. ಒಂದು ದಾನ ಇನ್ನಷ್ಟು ದಾನಕ್ಕೆ ದಾರಿಯಾಯಿತು.

ಆದರೆ ಅಂಕ ನೋಡಿ ಕೊಡುವ ನೆರವು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಶ್ರೀನಿವಾಸ ರಾಮಾನುಜನ್ ಅವರ ಬದುಕೇ ಹೇಳುತ್ತದೆ. ಗಣಿತ ಬಿಟ್ಟು ಉಳಿದ ವಿಷಯಗಳಲ್ಲಿ ಹಿಂದೆ ಬಿದ್ದದ್ದಕ್ಕೆ ಕುಂಭಕೋಣಂ ಕಾಲೇಜಿನಲ್ಲಿ ಅವರ ವಿದ್ಯಾರ್ಥಿವೇತನ ನಿಂತುಹೋಯಿತು. ಬಿ.ಎ.ಗೆ ಮೊದಲು ಪಾಸಾಗಬೇಕಿದ್ದ ಎಫ್.ಎ. (ಫಸ್ಟ್ ಆರ್ಟ್ಸ್) ಪರೀಕ್ಷೆ ಪಾಸಾಗಲೇ ಇಲ್ಲ. ಆ ದಿನಗಳಲ್ಲಿ ನೆಲ್ಲೂರಿನ ಕಲೆಕ್ಟರ್ ರಾಮಚಂದ್ರ ರಾವ್ ತಿಂಗಳಿಗೆ 25 ರೂಪಾಯಿಯಂತೆ ಕೆಲಕಾಲ ಸ್ವಂತ ಹಣ ಕೊಟ್ಟರು. ಪರೀಕ್ಷೆಯಿಲ್ಲ, ಷರತ್ತಿಲ್ಲ. 1913ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯವೂ ಪದವಿಯಿಲ್ಲದೆ ಗುಮಾಸ್ತರಾಗಿದ್ದ ರಾಮಾನುಜನ್ ಅವರಿಗೆ ತಿಂಗಳಿಗೆ 75 ರೂಪಾಯಿಯ ಸಂಶೋಧನಾ ವೇತನ ಮಂಜೂರು ಮಾಡಿತು. ಕೇಂಬ್ರಿಜ್‌ಗೆ ಅವರು ಹಡಗು ಹತ್ತಿದ್ದು ಮರುವರ್ಷ. ಅದೇ ವಿಶ್ವವಿದ್ಯಾಲಯದಿಂದ ವಾರ್ಷಿಕ 250 ಪೌಂಡ್ ವೇತನ ಘೋಷಣೆಯಾದಾಗ, 1919ರ ಜನವರಿಯಲ್ಲಿ, ಕಾಯಿಲೆಯಲ್ಲಿದ್ದ ರಾಮಾನುಜನ್ ಹೀಗೆ ಬರೆದರು: ತಂದೆತಾಯಿಗೆ 50 ಪೌಂಡ್ ಕೊಟ್ಟು, ತಮ್ಮ ಖರ್ಚು ಕಳೆದು ಉಳಿದದ್ದು ಬಡ ಮಕ್ಕಳ, ಅನಾಥರ ಶಾಲಾ ಶುಲ್ಕ ಇಳಿಸಲು, ಶಾಲೆಗಳಿಗೆ ಪುಸ್ತಕ ಕೊಡಿಸಲು ಬಳಕೆಯಾಗಲಿ.

ನಮ್ಮ ವಿಶ್ವವಿದ್ಯಾಲಯಗಳಲ್ಲಿ ದಾನಿಗಳಿಗೆ ಹೆಚ್ಚು ಪರಿಚಿತವಾದದ್ದು ದತ್ತಿ ಚಿನ್ನದ ಪದಕ. ಘಟಿಕೋತ್ಸವದ ದಿನ ಅದು ಸಂತೋಷ ಕೊಡುತ್ತದೆ, ನಿಜ. ಆದರೆ ಅಷ್ಟು ಹೊತ್ತಿಗೆ ಓದು ಮುಗಿದಿರುತ್ತದೆ. ಮೊದಲ ವರ್ಷವೇ ಹಾಸ್ಟೆಲ್ ಬಿಲ್ ಕಟ್ಟಲಾಗದೆ ಊರಿಗೆ ಹೊರಟುಹೋದವರಿಗೆ ಅದು ಮುಟ್ಟುವುದೇ ಇಲ್ಲ. ಸರ್ಕಾರದ ನೆರವೂ ಶಾಶ್ವತವಲ್ಲ. ವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರದ ಹಣದಲ್ಲಿ ವಿದ್ಯಾರ್ಥಿವೇತನ ಕೊಡಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ್ ವೈಜ್ಞಾನಿಕ್ ಪ್ರೋತ್ಸಾಹನ್ ಯೋಜನೆ 1999ರಲ್ಲಿ ಆರಂಭವಾಗಿ 2022ರಲ್ಲಿ ನಿಂತಿತು.

ಆಕ್ಚುರಿಯಲ್ ಸೈನ್ಸ್ ಓದುವವರ ಕಷ್ಟ ಇನ್ನೂ ಬೇರೆ. ವಿಮೆಯ ಕಂತು ಎಷ್ಟಿರಬೇಕು, ಪಿಂಚಣಿ ನಿಧಿ ಎಷ್ಟು ಕಾಲ ತಾಳುತ್ತದೆ ಎಂದು ಲೆಕ್ಕ ಹಾಕುವ ವಿದ್ಯೆ ಇದು. ಈ ಲೆಕ್ಕ ಹಾಕುವ ವೃತ್ತಿಪರರೇ ಆಕ್ಚುರಿಗಳು. 1944ರಲ್ಲಿ ಹುಟ್ಟಿದ ಇವರ ಸಂಘ 2006ರ ಆಕ್ಚುರಿಗಳ ಕಾಯ್ದೆಯಿಂದ ಶಾಸನಬದ್ಧ ಸಂಸ್ಥೆಯಾಯಿತು. ಕಾಲೇಜು ಪದವಿ ಮಾತ್ರದಿಂದ ಯಾರೂ ಆಕ್ಚುರಿ ಆಗುವುದಿಲ್ಲ. ಸಂಸ್ಥೆಯ ಪರೀಕ್ಷೆಗಳನ್ನು ಒಂದೊಂದಾಗಿ, ಹಲವು ವರ್ಷ ಬರೆಯಬೇಕು. ಪ್ರತಿ ಪತ್ರಿಕೆಗೂ ಪ್ರತ್ಯೇಕ ಶುಲ್ಕ. ಬಿ.ಎಸ್ಸಿ. ಮುಗಿದ ದಿನವೇ ನಿಲ್ಲುವ ವಿದ್ಯಾರ್ಥಿವೇತನ ಇವರನ್ನು ಅರ್ಧ ದಾರಿಯಲ್ಲಿ ಬಿಡುತ್ತದೆ. ಹಾಗಾಗಿ ದತ್ತಿಪತ್ರ ಬರೆಸುವಾಗಲೇ ಪರೀಕ್ಷಾ ಶುಲ್ಕವನ್ನು ಹೆಸರಿಸಿ ಸೇರಿಸಬೇಕು, ಒಂದು ಪತ್ರಿಕೆ ಫೇಲಾದರೂ ಮರುಪ್ರಯತ್ನಕ್ಕೆ ಹಣ ಸಿಗುವಂತಿರಬೇಕು.